ನಡುವಿನ ಪ್ಲೇಟು

ಕ್ಲೆಮ್ ರಡ್ ತನ್ನ ರಿಪೇರಿ ಶೆಡ್ಡಿನಲ್ಲಿ ಅಂಗಾತ ಮಲಗಿದ್ದ. ಎದೆಯ ಮೇಲೆ ಕಬ್ಬಿಣದ ಪ್ಲೇಟು, ಅದರ ಮೇಲೆ ಪಿಕಪ್ಪು, ಪಿಕಪ್ಪಿನ ಆಚೆ ಬದಿಯಲ್ಲಿ ಹೆಂಡತಿ. ಈ ಮೂರರಲ್ಲಿ ಯಾವುದು ಹೆಚ್ಚು ಭಾರ ಎಂದು ಯಾರಾದರೂ ಕೇಳಿದ್ದರೆ ಅವನು ಅಷ್ಟು ಸುಲಭವಾಗಿ ಉತ್ತರ ಹೇಳುತ್ತಿರಲಿಲ್ಲ.

ಹೆಂಡತಿ ಎಂದರೆ ಈಗ ಹೆಸರಿಗಷ್ಟೇ. ಬೆರಿಲ್ ಅವನನ್ನು ಬಿಟ್ಟು ಕಾರ್ಬಾ ಡೌನ್ಸ್ ಎಂಬ ದನದ ಫಾರಂಗೆ ಅಡುಗೆ ಕೆಲಸಕ್ಕೆಂದು ಹೋಗಿ ಹನ್ನೊಂದು ವರ್ಷವಾಗಿತ್ತು. ಇನ್ನೊಬ್ಬ ಗಂಡಸಿಗಾಗಿ ಹೋದಳೋ ಎಂದರೆ ಅದೂ ಇಲ್ಲ. ಹಾಗೆ ಹೋಗಿದ್ದರೆ ಊರಿನವರಿಗಾದರೂ ಆಡಿಕೊಳ್ಳಲು ಏನೋ ಒಂದು ಸಿಗುತ್ತಿತ್ತು. ವಿಚ್ಛೇದನಕ್ಕೆ ಅರ್ಜಿ ಹಾಕಬೇಕೆಂದು ಇಬ್ಬರೂ ಅಂದುಕೊಂಡಿದ್ದರು. ಕೋರ್ಟಿರುವ ಊರಿಗೆ ಇಡೀ ದಿನದ ದಾರಿ, ಆ ಬಿಸಿಲಲ್ಲಿ ಯಾರು ಹೋಗುತ್ತಾರೆ ಎಂದು ಇಬ್ಬರೂ ಸುಮ್ಮನಾದರು. ಅಡುಗೆ ಬೇಜಾರಾದ ಮೇಲೆ ಅವಳು ಅದೇ ಫಾರಂನಲ್ಲಿ ಬೋರ್‌ವೆಲ್ ಸುತ್ತುವ ಕೆಲಸ ಹಿಡಿದಳು. ಮರುಭೂಮಿಯ ಅಂಚಿನಲ್ಲಿ ಎಲ್ಲೆಲ್ಲೋ ಚದುರಿಕೊಂಡಿರುವ ಬೋರ್‌ವೆಲ್‌ಗಳಿಗೆ ಗಾಡಿಯಲ್ಲಿ ಹೋಗಿ, ಪಂಪು ಓಡುತ್ತಿದೆಯೇ, ತೊಟ್ಟಿಯಲ್ಲಿ ನೀರಿದೆಯೇ, ಕಾಂಗರೂ ಬಿದ್ದು ಸತ್ತು ನಾರುತ್ತಿದೆಯೇ ಎಂದು ನೋಡಿ ಬರುವುದು. ಒಬ್ಬಳೇ ಹೋಗುತ್ತಿದ್ದಳು, ಜೊತೆಗೆ ಪಿಕಲ್ ಎಂಬ ಕಿವಿ ಹರಿದ ನಾಯಿ.

ಮಲ್ಗ ವೆಲ್ ಊರಿನಲ್ಲಿ ಗಾಡಿ ರಿಪೇರಿ ಮಾಡುವವನು ಕ್ಲೆಮ್ ಒಬ್ಬನೇ. ಹಾಗಾಗಿ ಗಂಡನನ್ನು ಬಿಟ್ಟರೂ ಮೆಕ್ಯಾನಿಕ್‌ನನ್ನು ಬಿಡುವುದು ಅವಳಿಂದ ಆಗಿರಲಿಲ್ಲ.

"ಏನು, ನಿದ್ದೆ ಹೊಡೀತಿದೀಯಾ?" ಬೆರಿಲ್ ಬೂಟಿನಿಂದ ಟಯರಿಗೆ ಒದ್ದಳು.

"ಹೂಂ. ಹೊದಿಕೆ ಸ್ವಲ್ಪ ಭಾರ ಆಯ್ತು ಅಷ್ಟೇ."

"ಗೊರಕೆ ಕೇಳಿಸ್ಲಿಲ್ಲ. ಸತ್ತುಗಿತ್ತು ಹೋದ್ಯೇನೋ ಅಂದ್ಕೊಂಡೆ."

"ಆ ಜಾಕನ್ನ ಇತ್ಲಾಗೆ ತಳ್ಳು."

"ಮೊದ್ಲೇ ಜಾಕ್ ಮೇಲಿಟ್ಟು ಎತ್ತೋದು ಬಿಟ್ಟು ಎದೆ ಮೇಲೆ ಯಾಕೆ ಹೊತ್ಕೊಂಡೆ?"

"ಬಾಯಿ ಓಡ್ಸೋರು ಜಾಸ್ತಿ, ಜಾಕ್ ತಳ್ಳೋರು ಯಾರೂ ಇಲ್ಲ. ಅದಕ್ಕೆ."

ಜಾಕು ಕರಕರ ಸದ್ದು ಮಾಡುತ್ತ ಉರುಳಿ ಬಂತು. ಕ್ಲೆಮ್ ಪ್ಲೇಟನ್ನು ಅದರ ತಲೆಯ ಮೇಲೆ ಜರುಗಿಸಿ, ಎಡಗೈಯನ್ನು ಮೆಲ್ಲಗೆ ಕೆಳಗಿಳಿಸಿದ. ಎಡ ಭುಜ ಕೆಟ್ಟು ಮೂರು ವರ್ಷವಾಗಿತ್ತು. ಡಾಕ್ಟರು ಕೈಯನ್ನು ತಲೆಗಿಂತ ಮೇಲೆತ್ತಬೇಡಿ ಎಂದಿದ್ದರು. ಗಾಡಿಯ ಅಡಿಯಲ್ಲಿ ಮಲಗಿದವನಿಗೆ ತಲೆ ಯಾವ ಕಡೆ, ಮೇಲೆ ಯಾವ ಕಡೆ? ಅದನ್ನು ಡಾಕ್ಟರು ಬಿಡಿಸಿ ಹೇಳಿರಲಿಲ್ಲ.

ಈ ಪ್ಲೇಟಿನ ರಾಮಾಯಣ ಶುರುವಾಗಿದ್ದು ಒಂದು ಹುತ್ತದಿಂದ. ಹಿಂದಿನ ತಿಂಗಳು ಬೆರಿಲ್ ಫಾರಂನ ಹಿಂಬದಿಯ ಬಯಲಿನಲ್ಲಿ ಹೋಗುವಾಗ ಹುಲ್ಲಿನೊಳಗೆ ಅಡಗಿದ್ದ ಗೆದ್ದಲ ಹುತ್ತದ ಮೇಲೆ ಗಾಡಿ ಹತ್ತಿಸಿದ್ದಳು. ಆ ಸೀಮೆಯ ಹುತ್ತವೆಂದರೆ ಒದ್ದರೆ ಒದ್ದವನ ಕಾಲೇ ಮುರಿಯಬೇಕು, ಅಂಥದ್ದು. ಇಂಜಿನ್ನಿನ ಆಯಿಲ್ ಚೇಂಬರ್ ಮೊಟ್ಟೆಯ ಹಾಗೆ ಒಡೆದುಹೋಯಿತು. ಇದ್ದಬದ್ದ ಎಣ್ಣೆಯೆಲ್ಲ ಮಣ್ಣು ಕುಡಿಯಿತು. ಆ ಮೂಲೆಯಿಂದ ರೇಡಿಯೋದಲ್ಲಿ ಯಾರನ್ನು ಕೂಗಿದರೂ ಕೇಳುವುದಿಲ್ಲ. ಮಾರನೆಯ ದಿನ ಮಧ್ಯಾಹ್ನ ಫಾರಂ ಮಾಲೀಕ ತನ್ನ ಸಣ್ಣ ವಿಮಾನದಲ್ಲಿ ಹುಡುಕಿಕೊಂಡು ಬರುವವರೆಗೂ ಅವಳೂ ನಾಯಿಯೂ ಗಾಡಿಯ ಅಡಿಯ ನೆರಳಿನಲ್ಲಿ ಬಿದ್ದುಕೊಂಡಿದ್ದರು. ಆ ದಿನದ ಬಗ್ಗೆ ಅವಳು ಕ್ಲೆಮ್‌ಗೆ ಹೇಳಿದ್ದು ಒಂದೇ ಮಾತು: "ನಾಯಿ ಜಾಸ್ತಿ ನೀರು ಕುಡೀತು." ಅಷ್ಟು ಹೇಳಿ, ಚೇಂಬರ್ ಬದಲಾಯಿಸಿಕೊಂಡು, ಪೇಟೆಯಿಂದ ಗಾಡಿಯ ಅಡಿಗೆ ಬಿಗಿಯುವ ಸ್ಕಿಡ್ ಪ್ಲೇಟು ತರಿಸಿ, ಗಾಡಿಯ ಹಿಂದೆ ಹೇರಿಕೊಂಡು ಬಂದು ಅವನ ಶೆಡ್ಡಿನ ಮುಂದೆ ಧೊಪ್ಪೆಂದು ಇಳಿಸಿದ್ದಳು.

ಒಟ್ಟು ಮೂರು ಪ್ಲೇಟು. ಮುಂದಿನದು ರೇಡಿಯೇಟರಿನ ಅಡಿಗೆ, ಹಿಂದಿನದು ಗೇರ್‌ಬಾಕ್ಸಿನ ಅಡಿಗೆ. ನಡುವಿನದು ಎಲ್ಲಕ್ಕಿಂತ ದೊಡ್ಡದು, ಆಯಿಲ್ ಚೇಂಬರನ್ನೂ ಸೈಲೆನ್ಸರ್ ಪೈಪನ್ನೂ ಒಟ್ಟಿಗೆ ಮುಚ್ಚುವಂಥದ್ದು. ಒಂದರ ಅಂಚಿಗೆ ಒಂದು ಕೂತರೆ ಗಾಡಿಗೆ ಮೂತಿಯಿಂದ ಸೊಂಟದವರೆಗೆ ಹೊಟ್ಟೆಪಟ್ಟಿ ಬಿಗಿದ ಹಾಗಾಗುತ್ತಿತ್ತು. ಕೆಲಸವೇನು ದೊಡ್ಡದಲ್ಲ, ಆದರೆ ಪೀಡೆ. ಚಾಸಿಯ ಬೋಲ್ಟಿನ ತೂತುಗಳಲ್ಲಿ ವರ್ಷಗಟ್ಟಲೆ ಕೆಂಪು ಮಣ್ಣು ಕೂತು ಇಟ್ಟಿಗೆಯಾಗಿರುತ್ತದೆ. ಅದನ್ನು ಕೆರೆದು, ತೂತಿನೊಳಗಿನ ಸುರುಳಿ ಗೆರೆಗೆ ಎಣ್ಣೆ ಕಾಣಿಸಿ, ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಲ್ಲೇ ಎರಡು ಸುತ್ತು ಹಿಡಿಸಬೇಕು. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕೊನೆಯದು ಯಾವ ದೇವರು ಬಂದರೂ ತೂತಿಗೆ ಕೂರುವುದಿಲ್ಲ. ಕ್ಲೆಮ್ ಒಂದೊಂದು ಬೋಲ್ಟಿಗೂ ಗ್ರೀಸು ಮೆತ್ತುತ್ತಿದ್ದ. ಮುಂದೊಂದು ದಿನ ಬಿಚ್ಚುವವನು ತನ್ನ ಅಮ್ಮನನ್ನು ಬಯ್ಯದಿರಲಿ ಎಂಬುದು ಅವನ ಹಳೆಯ ಅಭ್ಯಾಸ. ಈ ಊರಿನಲ್ಲಿ ಬಿಚ್ಚುವವನೂ ಅವನೇ ಎಂಬುದು ಬೇರೆ ಮಾತು.

ಮುಂದಿನದೂ ಹಿಂದಿನದೂ ಕೂತಿದ್ದವು. ಉಳಿದದ್ದು ಇದೊಂದು. ಕ್ಲೆಮ್ ತಲೆಯನ್ನು ನೆಲಕ್ಕೆ ಆನಿಸಿ ಸ್ವಲ್ಪ ಹೊತ್ತು ಸೈಲೆನ್ಸರ್ ಪೈಪನ್ನೇ ನೋಡಿದ. ಪೈಪಿಗೂ ಪ್ಲೇಟಿಗೂ ನಡುವೆ ಅಂಗೈ ತೂರುವಷ್ಟು ಸಂದು ಉಳಿಯುತ್ತಿತ್ತು. ಆ ಸಂದು ಅವನಿಗೆ ಇಷ್ಟವಾಗಲಿಲ್ಲ.

"ಬೆರಿಲ್."

"ಏನು?"

"ಈ ನಡುವಿಂದು ಇವತ್ತು ಬೇಡ ಕಣೇ. ಈ ಸಲ ಮಳೆ ಜಾಸ್ತಿ ಆಗಿದೆ. ಹುಲ್ಲು ನೋಡಿದೀಯಲ್ಲ. ಇದರೊಳಗೆ ತುಂಬ್ಕೊಂಡ್ರೆ ಉದುರೋಕೆ ಜಾಗ ಇಲ್ಲ. ಬಿಟ್ಟು ಹೋಗು, ಅಲ್ಲಲ್ಲಿ ಕಿಟಕಿ ಕೊರ್ದು..."

"ಹುಲ್ಲಿನ ವಿಷ್ಯ ನಂಗೆ ಹೇಳ್ಕೊಡ್ತೀಯಾ? ಹನ್ನೊಂದು ವರ್ಷದಿಂದ ಅದೇ ಹುಲ್ಲಲ್ಲಿ ಓಡಾಡ್ತಿದೀನಿ."

"ಆ ಹನ್ನೊಂದು ವರ್ಷ ಅಲ್ಲಿ ಹುಲ್ಲೇ ಇರ್ಲಿಲ್ಲ."

"ಹುತ್ತ ಇರೋದೇ ಹುಲ್ಲೊಳಗೆ, ಕ್ಲೆಮ್! ಚೇಂಬರ್ ಒಡ್ದಿದ್ದೂ ಅಲ್ಲೇ. ಬೇರೆ ಎರಡು ಹಾಕಿ ಚೇಂಬರಿಂದೇ ಬೇಡ ಅಂತೀಯಲ್ಲ. ಟೋಪಿ ಹಾಕ್ಕೊಂಡು ಚಡ್ಡಿ ಮರೆತ ಹಾಗಾಯ್ತು. ಹಾಕು ಸುಮ್ನೆ."

ಮುಂಚಿನ ಒಂದು ಮಳೆಗಾಲದಲ್ಲಿ ಅವನು ನೋಡಿದ್ದೇ ಬೇರೆ. ಸ್ಪಿನಿಫೆಕ್ಸ್ ಎಂಬ ಆ ಮುಳ್ಳುಹುಲ್ಲಿನ ಮೈತುಂಬ ರಾಳ. ಗಾಡಿಯ ಹೊಟ್ಟೆಯಲ್ಲಿ ಸಿಕ್ಕಿಕೊಂಡು ಬಿಸಿ ಪೈಪಿಗೆ ಒತ್ತಿಕೊಂಡರೆ ಮೊದಲು ಹೊಗೆ, ಆಮೇಲೆ ಬೆಂಕಿ. ಊರಿನಾಚೆ ತಿರುವಿನಲ್ಲಿ ಇಂದಿಗೂ ಒಂದು ಸುಟ್ಟ ಜೀಪು ನಿಂತಿದೆ. ಜನ ಅದನ್ನೇ ಗುರುತು ಹೇಳುತ್ತಾರೆ, ಸುಟ್ಟ ಜೀಪಿನಿಂದ ಎಡಕ್ಕೆ ತಿರುಗು ಎಂದು. ಆ ವರ್ಷ ಗಾಡಿ ಇಟ್ಟವರೆಲ್ಲ ಸೀಟಿನ ಹಿಂದೆ ಬೇಲಿ ತಂತಿಯ ಉದ್ದನೆಯ ಕೊಕ್ಕೆಯೊಂದನ್ನು ಇಟ್ಟುಕೊಂಡು, ಆಗಾಗ ಇಳಿದು ಅಡಿಯಿಂದ ಹುಲ್ಲು ಎಳೆದು ಹಾಕುತ್ತಿದ್ದರು. ಕೊಕ್ಕೆ ತೂರಲೆಂದೇ ಪ್ಲೇಟುಗಳಿಗೆ ಕಿಟಕಿ ಕೊರೆಸುತ್ತಿದ್ದರು. ಆಮೇಲೆ ಬಂದ ಬರಗಾಲಗಳಲ್ಲಿ ಕೊಕ್ಕೆಯನ್ನೂ ಕಿಟಕಿಯನ್ನೂ ಎಲ್ಲರೂ ಮರೆತರು.

ಇಷ್ಟನ್ನೂ ಅವಳಿಗೆ ಹೇಳಬಹುದಿತ್ತು. ಹೇಳಲು ಬಾಯಿ ತೆರೆದ. ಅವಳು ಮತ್ತೆ ಟಯರಿಗೆ ಒದ್ದಳು. ಭುಜ ಹಲ್ಲುನೋವಿನ ಹಾಗೆ ಜುಮುಜುಮು ಎನ್ನುತ್ತಿತ್ತು. ಕಿಟಕಿ ಕೊರೆಯಬೇಕೆಂದರೆ ಪ್ಲೇಟು ಇಳಿಸಬೇಕು, ಗ್ಯಾಸ್ ಕಟರ್ ಹಚ್ಚಬೇಕು, ಅಂಚು ಉಜ್ಜಬೇಕು, ಅಷ್ಟು ಹೊತ್ತೂ ಇವಳ ಜೊತೆ ವಾದ ಮಾಡಬೇಕು. ಹೇಗೂ ಇವತ್ತು ಜಲ್ಲಿ ರಸ್ತೆಯಲ್ಲಿ ಹೋಗುತ್ತಾಳೆ, ಅಲ್ಲಿ ಹುಲ್ಲಿಲ್ಲ, ಮುಂದಿನ ಸಲ ಬಂದಾಗ ನೋಡಿಕೊಂಡರಾಯಿತು ಎಂದುಕೊಂಡ.

"ಸರಿ ಬಿಡು," ಎಂದ.

ಮೂವತ್ತು ವರ್ಷ ಸಂಸಾರ ಮಾಡಿದ್ದೂ ಈ ಎರಡೇ ಮಾತಿನಲ್ಲಿ. ಮನೆಗೆ ಹಸಿರು ಬಣ್ಣ ಹೊಡೆಸೋಣ ಅಂದರೂ ಸರಿ ಬಿಡು, ತಂಗಿಯನ್ನು ಕರೆದು ಆರು ತಿಂಗಳು ಇಟ್ಟುಕೊಳ್ಳೋಣ ಅಂದರೂ ಸರಿ ಬಿಡು. ಜನ ಅವನನ್ನು ತಾಳ್ಮೆಯ ಮನುಷ್ಯ ಅನ್ನುತ್ತಿದ್ದರು. ತಾಳ್ಮೆಯೂ ಅಲ್ಲ, ಮಣ್ಣೂ ಅಲ್ಲ. ಸುಸ್ತು.

ನಡುವಿನ ಪ್ಲೇಟು ಕೂತಿತು. ಬೋಲ್ಟುಗಳನ್ನೆಲ್ಲ ಉದ್ದ ಪಾನಾದಿಂದ ಬಿಗಿದು, ಅಂಗೈಯಿಂದ ಒಮ್ಮೆ ಬಡಿದು ನೋಡಿದ. ಗಂಟೆಯ ಹಾಗೆ ನಾದ ಬಂತು. ಒಳ್ಳೆಯ ಕೆಲಸ. ಹೊರಗೆ ತೆವಳಿ ಬಂದವನ ಕೈಗೆ ಬೆರಿಲ್ ಚಹಾದ ಲೋಟ ಕೊಟ್ಟಳು. ಯಾವ ಡಬ್ಬಿಯಲ್ಲಿ ಸಕ್ಕರೆ ಎಂದು ಕೇಳದೆಯೇ ಮಾಡಿದ್ದಳು.

"ಇನ್ನೂ ಅದೇ ಡಬ್ಬಿಲಿ ಇಟ್ಟಿದೀಯ," ಎಂದಳು.

"ಇನ್ನೆಲ್ಲಿಡ್ಲಿ?"

"ಭುಜ ತೋರ್ಸಿದ್ಯಾ?"

"ತೋರ್ಸಿದೆ. ಭುಜ ಇದೆ ಅಂದ್ರು."

ಅವಳು ನಕ್ಕಳೋ ಕೆಮ್ಮಿದಳೋ ಗೊತ್ತಾಗಲಿಲ್ಲ. ನಾಯಿಯನ್ನು ಹತ್ತಿಸಿಕೊಂಡು, ಕೈ ಬೀಸದೆ, ಧೂಳೆಬ್ಬಿಸಿಕೊಂಡು ಹೋದಳು. ಕ್ಲೆಮ್ ಶೆಡ್ಡಿನ ಬಾಗಿಲಲ್ಲಿದ್ದ ಹರಿದ ಕಾರು ಸೀಟಿನ ಮೇಲೆ ಕುಸಿದು ಕೂತ. ಇನ್ನು ಇವತ್ತು ಏಳುವ ಮಾತೇ ಇಲ್ಲ ಎಂದು ತೀರ್ಮಾನಿಸಿದ.

ಅರ್ಧ ಲೋಟ ಚಹಾ ಮುಗಿಯುವಷ್ಟರಲ್ಲಿ ನಗೆಟ್ ಬಂದ. ರಸ್ತೆ ಸಮ ಮಾಡುವ ಗ್ರೇಡರ್ ಓಡಿಸುವವನು ಅವನು. ಅವನ ತಾತ ಮುತ್ತಾತಂದಿರು ಇದೇ ಮಣ್ಣಿನವರು. ದೊಡ್ಡ ದೇಹ, ಸಣ್ಣ ಟೋಪಿ. ಗ್ರೇಡರನ್ನು ಹೊರಗೆ ನಿಲ್ಲಿಸಿ, ಕೇಳದೆಯೇ ಕೆಟಲ್‌ನಿಂದ ಚಹಾ ಬಗ್ಗಿಸಿಕೊಂಡ.

"ಏನ್ ಮುದುಕಪ್ಪಾ, ಹೆಂಡ್ತಿ ವಾಪಸ್ ಬಂದ್ಲಂತೆ?"

"ಗಾಡಿ ಬಂತು. ಅದ್ರ ಜೊತೆ ಅವ್ಳೂ ಬಂದ್ಲು. ನೀನ್ಯಾಕೆ ಕೆಲ್ಸ ಬಿಟ್ಟು ಬಂದೆ?"

"ಕೆಲ್ಸ ಎಲ್ಲಿದೆ? ರಸ್ತೆನೇ ಇಲ್ಲ. ಇಲ್ಲೇ ಊರಾಚೆ ಹಳ್ಳ ತುಂಬಿ ಜಲ್ಲಿ ರಸ್ತೆ ಮುಳುಗಿದೆ, ಮೇಲೆ ಎಲ್ಲೋ ಮಳೆ ಆಗಿರ್ಬೇಕು. ನಾನೇ ಅಡ್ಡ ಕೋಲು ಇಟ್ಟು ಬಂದೆ. ನಿನ್ನ ಹೆಂಡ್ತಿನೂ ಅಲ್ಲೇ ಸಿಕ್ಳು. ಎಲ್ಲಿಗ್ಹೋಗ್ತೀಯಮ್ಮಾ, ನೀರಿಳಿಯೋವರ್ಗೂ ಊರಲ್ಲಿರು ಅಂದೆ. ಅವ್ಳು ಯಾರ ಮಾತು ಕೇಳ್ತಾಳೆ? ಹೊಟ್ಟೆಗೆ ಕಬ್ಬಿಣ ಕಟ್ಸಿದೀನಿ ಅಂತ ಹಳೇ ಬೋರ್ ದಾರಿ ಹಿಡಿದ್ಲು."

ಕ್ಲೆಮ್ ಲೋಟವನ್ನು ಕೆಳಗಿಟ್ಟ.

"ಹಳೇ ಬೋರ್ ದಾರಿಲಿ ಹುಲ್ಲು ಹ್ಯಾಗಿದೆ?"

"ಹ್ಯಾಗಿದೆ ಅಂದ್ರೆ? ಬಾನೆಟ್‌ಗಿಂತ ಮೇಲಿದೆ. ಬೀಜ ಬಿಟ್ಟು ಒಣಗಿ ನಿಂತಿದೆ. ಈ ವರ್ಷ ಒಂದು ಗಾಡಿನೂ ಆ ಕಡೆ ಹೋಗಿಲ್ಲ." ನಗೆಟ್ ಅವನ ಮುಖ ನೋಡಿದ. "ಯಾಕೆ? ಕಿಟಕಿ ಕೊರೆದಿದೀಯ ತಾನೇ?"

ಕ್ಲೆಮ್ ಹಳೇ ಬೋರ್ ದಾರಿಯ ಕಡೆ ತಲೆ ತಿರುಗಿಸಿದ.

"ಅಯ್ಯೋ ಮುದುಕಪ್ಪಾ," ಎಂದ ನಗೆಟ್ ಮೆಲ್ಲಗೆ. ಈ ಸಲ ಅದರಲ್ಲಿ ಕೀಟಲೆ ಇರಲಿಲ್ಲ.

ಕ್ಲೆಮ್ ಕೂತಲ್ಲಿಂದಲೇ ಕೈ ಚಾಚಿ ಗೋಡೆಯ ಮೇಲಿದ್ದ ರೇಡಿಯೋ ಹಚ್ಚಿ ಕೂಗಿದ. "ಬೆರಿಲ್, ಬೆರಿಲ್, ನಿಲ್ಸು. ಬೆರಿಲ್, ಕೇಳಿಸ್ತಾ?" ಬರೀ ಗರಗರ. ಲಾರಿಯವರ ಹೊಲಸು ಬಾಯಿ ಕೇಳಲಾಗುವುದಿಲ್ಲ ಎಂದು ಅವಳು ಊರಿನ ಹತ್ತಿರ ರೇಡಿಯೋ ಹಾಕುವುದೇ ಇಲ್ಲ. ಅದು ಅವನಿಗೆ ಗೊತ್ತಿದ್ದ ವಿಷಯವೇ. ಆದರೂ ಇನ್ನೊಮ್ಮೆ ಕೂಗಿದ.

"ನನ್ನ ಗ್ರೇಡರಲ್ಲಿ ಹೋದ್ರೆ ನಾಳೆ ಸಿಗ್ತಾಳೆ," ಎಂದ ನಗೆಟ್. "ನೀನೇ ಹೋಗ್ಬೇಕು. ನಾನು ಫಾರಂಗೆ ಫೋನ್ ಮಾಡಿ, ಇಲ್ಲೇ ರೇಡಿಯೋ ಹತ್ರ ಕೂತಿರ್ತೀನಿ."

ಹೋಗಬೇಕು. ಮೊದಲು ಏಳಬೇಕಲ್ಲ. ಮೊಣಕಾಲು ಒಂದು ಮಾತು ಹೇಳಿತು, ಸೊಂಟ ಇನ್ನೊಂದು ಹೇಳಿತು. ಕ್ಲೆಮ್ ಬಾಗಿಲ ಚೌಕಟ್ಟು ಹಿಡಿದು ಎದ್ದ. ಮೊಳೆಯಲ್ಲಿ ನೇತುಹಾಕಿದ್ದ ತಂತಿ ಕೊಕ್ಕೆ ಅಲ್ಲೇ ಇತ್ತು, ಜೇಡರ ಬಲೆ ಕಟ್ಟಿಕೊಂಡು. ಅದನ್ನು ತೆಗೆದುಕೊಂಡ. ತೋಟಕ್ಕೆ ಔಷಧಿ ಹೊಡೆಯುವ ಕೈಪಂಪಿಗೆ ನೀರು ತುಂಬಿಸಿದ, ಗುದ್ದಲಿ, ಪಾನಾ, ಎರಡು ಗೋಣಿಚೀಲ ಗಾಡಿಗೆ ಎಸೆದ. ನಗೆಟ್ ನೀರಿನ ಕ್ಯಾನುಗಳನ್ನು ಎತ್ತಿಟ್ಟ.

ಅವನ ಗಾಡಿ ಬೆರಿಲ್‌ಳದಕ್ಕಿಂತ ಹಳೆಯದು, ಅಡಿಯಲ್ಲಿ ಪ್ಲೇಟು ಇಲ್ಲ, ಏನೂ ಇಲ್ಲ. ಸುಟ್ಟ ಜೀಪಿನ ಹತ್ತಿರ ಎಡಕ್ಕೆ ತಿರುಗಿದ. ಸ್ವಲ್ಪ ದೂರ ಹೋದ ಮೇಲೆ ದಾರಿ ಎಂಬುದೇ ಇಲ್ಲವಾಯಿತು. ಹುಲ್ಲಿನ ನಡುವೆ ಬೆರಿಲ್‌ಳ ಗಾಡಿ ಮಲಗಿಸಿಹೋದ ಎರಡು ಗೆರೆ, ಅಷ್ಟೇ. ಆ ಗೆರೆಯ ಮೇಲೇ ಚಕ್ರ ಇಟ್ಟು ಹೋದ. ಒಂದು ಕಡೆ ಹುತ್ತದ ತಲೆ ಉಜ್ಜಿ ಹೋಗಿತ್ತು, ಅದರ ಮೇಲೆ ಹೊಸ ಕಬ್ಬಿಣದ ಹೊಳಪು. ಪ್ಲೇಟು ಇಲ್ಲದಿದ್ದರೆ ಇಲ್ಲೇ ಅವಳ ಚೇಂಬರ್ ಮತ್ತೆ ಒಡೆಯುತ್ತಿತ್ತು. ಹಾಗಾದರೆ ಅವಳು ಹೇಳಿದ್ದೂ ಸರಿಯೇ. ಅದು ಅವನಿಗೆ ಇನ್ನಷ್ಟು ಸುಸ್ತು ತಂದಿತು. ಅವಳ ಮಾತು ಪೂರ್ತಿ ತಪ್ಪಾಗಿದ್ದರೆ ಎಷ್ಟೋ ಹಗುರವಿರುತ್ತಿತ್ತು.

ಎರಡು ಸಲ ಇಳಿದ. ಮೊಣಕಾಲೂರಿ, ಕೊಕ್ಕೆ ತೂರಿಸಿ, ಪೈಪಿಗೆ ಸಿಕ್ಕಿದ ಹುಲ್ಲನ್ನು ಎಳೆದು ಹಾಕಿದ. ಪ್ಲೇಟಿಲ್ಲದ ಗಾಡಿಗೇ ಇಷ್ಟು ಹುಲ್ಲು. ಎರಡನೆಯ ಸಲ ಕೈಗೆ ಬಂದ ಹುಲ್ಲಿನ ತುದಿ ಕಂದಾಗಿತ್ತು, ಮುಟ್ಟಿದರೆ ಸುಡುತ್ತಿತ್ತು. ಆಮೇಲೆ ಅವನು ಇಳಿಯುವಾಗ ಉಸ್ಸೆನ್ನುವುದನ್ನೂ ಬಿಟ್ಟ.

ವಾಸನೆ ಮೊದಲು ಬಂತು. ಸುಟ್ಟ ರಾಳದ, ಧೂಪ ಹಾಕಿದಂಥ ವಾಸನೆ. ಆಮೇಲೆ ನಾಯಿ ಬೊಗಳುವುದು ಕೇಳಿತು.

ಹುಲ್ಲು ಮುಗಿದು ಒಂದು ಬೋಳು ಬಯಲು, ಒಣಗಿ ಬಿರುಕು ಬಿಟ್ಟ ಗಟ್ಟಿ ಮಣ್ಣು. ಅದರ ನಡುವೆ ಬಿಳಿ ಪಿಕಪ್ಪು ನಿಂತಿತ್ತು. ಅದರ ಹೊಟ್ಟೆಯಿಂದ ದಪ್ಪ ಹಳದಿ ಹೊಗೆ. ಬೆರಿಲ್ ಮಂಡಿಯೂರಿ ಬೊಗಸೆಯಲ್ಲಿ ಮಣ್ಣು ಎರಚುತ್ತಿದ್ದಳು. ಪಕ್ಕದಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಖಾಲಿಯಾಗಿ ಉರುಳಿತ್ತು.

"ಒಳಗೆ ಹೋಗ್ತಾನೇ ಇಲ್ಲ!" ಅವನನ್ನು ನೋಡಿದ್ದೇ ಕೂಗಿದಳು. ಎಲ್ಲಿಂದ ಬಂದೆ, ಹೇಗೆ ಬಂದೆ ಏನೂ ಕೇಳಲಿಲ್ಲ. "ಎಲ್ಲ ಹೊಡ್ದೆ, ಆ ಪ್ಲೇಟು ಒಳಕ್ಕೆ ಬಿಡ್ತಿಲ್ಲ. ನೀರೆಲ್ಲ ಹುಯ್ದೆ."

"ಕುಡ್ಯೋ ನೀರೂ?"

"ಎಲ್ಲ ಅಂದ್ನಲ್ಲ!"

"ಪಂಪು ತಗೋ. ಪೈಪಿನ ಪಕ್ಕ ಸಂದಿದೆಯಲ್ಲ, ಅಲ್ಲಿಗೆ ಹಿಡಿ. ನಿಲ್ಲಿಸ್ಬೇಡ."

"ಟ್ಯಾಂಕು ತುಂಬ ಡೀಸೆಲ್ ಇದೆ ಕ್ಲೆಮ್. ಅಡಿಗೆ ಹೋಗ್ಬೇಡ."

"ಹಿಡಿ ಅಂದೆ."

ಕ್ಯಾನಿನ ನೀರಲ್ಲಿ ನೆನೆಸಿದ ಗೋಣಿಚೀಲ ಮುಖಕ್ಕೂ ಎದೆಗೂ ಎಳೆದುಕೊಂಡು ಅವನು ಅಡಿಗೆ ತೂರಿದ. ಬೆಳಿಗ್ಗೆ ಮಲಗಿದ ಹಾಗೆಯೇ, ಅದೇ ಬೆನ್ನಿನ ಮೇಲೆ. ಪ್ಲೇಟಿನ ಬಿಸಿ ಮುಖಕ್ಕೆ ಹೊಡೆಯಿತು. ಮೇಲಿನ ಸಂದಿನಲ್ಲಿ ಕೆಂಡದ ಸಾಲು, ಗಾಳಿ ಬೀಸಿದಾಗಲೆಲ್ಲ ಕಣ್ಣು ಬಿಡುತ್ತಿತ್ತು. ಬೆರಿಲ್ ಪಂಪಿನ ನೀರು ಹೊಡೆದಾಗ ಚುಸ್ ಎಂದು ಆವಿಯೆದ್ದು ಅವನ ಮೇಲೇ ಇಳಿಯಿತು. ಒಂದನೆಯ ಬೋಲ್ಟು. ಗ್ರೀಸು ಕರಗಿ ಕೈ ಮೇಲೆ ಸುರಿಯಿತು, ಬೋಲ್ಟು ಬೆಣ್ಣೆಯ ಹಾಗೆ ತಿರುಗಿತು. ಎರಡನೆಯದು. ಮೂರನೆಯದಕ್ಕೆ ಎಡಗೈ ಮೇಲೆ ಹೋಗಲೇ ಇಲ್ಲ. ಬಲಗೈಯಿಂದ ಎಡಗೈಯನ್ನು ಎತ್ತಿ ಅಲ್ಲಿಟ್ಟ, ಕಣ್ಣಿಗೆ ಕತ್ತಲೆ ಬಂತು, ಬೈಗುಳವೊಂದು ಬಾಯಿಂದ ತಾನಾಗಿ ಬಂತು.

"ಏನಂದೆ?"

"ನಿಂಗಲ್ಲ!"

ಕೊನೆಯ ಎರಡನ್ನು ಹೊರಗೆ ತೆವಳಿ ಬಂದು, ಪಕ್ಕದಿಂದ ಕೈ ಹಾಕಿ ಬಿಚ್ಚಿದ. ಪ್ಲೇಟಿನ ಒಂದು ತುದಿ ಕಳಚಿ ನೆಲಕ್ಕೆ ಬಡಿಯಿತು, ಇನ್ನೊಂದು ತುದಿ ನೇತಾಡಿ ಬಿತ್ತು. "ಗಾಡಿ ಮುಂದಕ್ಕೆ ತಗೋ!" ಬೆರಿಲ್ ಪಂಪು ಎಸೆದು ಓಡಿ ಹತ್ತಿದಳು. ಗಾಡಿ ಕರಕರ ಎಂದು ಪ್ಲೇಟನ್ನು ಸ್ವಲ್ಪ ದೂರ ಎಳೆದು, ಅದರಿಂದ ಬಿಡಿಸಿಕೊಂಡು ಮುಂದೆ ಹೋಯಿತು. ಹಿಂದೆ ಉಳಿದ ಪ್ಲೇಟಿನ ಮೇಲೆ ಹುಲ್ಲು ರೊಟ್ಟಿಯ ಹಾಗೆ ಒತ್ತಿಕೊಂಡು ಕೂತಿತ್ತು. ಗಾಳಿ ತಾಗಿದ್ದೇ ತಡ ಅದು ಭುಗ್ಗೆಂದು ಹತ್ತಿಕೊಂಡಿತು, ಸೊಂಟದೆತ್ತರದ ಉರಿ. ನಾಯಿ ಬೊಗಳುವುದನ್ನು ನಿಲ್ಲಿಸಿ ಹಿಂದೆ ಸರಿಯಿತು.

ಆ ಉರಿಯನ್ನು ನೋಡುತ್ತ ಇಬ್ಬರೂ ನಿಂತರು. ಗಾಡಿಯ ಅಡಿಯಲ್ಲೇ ಅದು ಹೀಗೆ ಹತ್ತಿದ್ದರೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆಮೇಲೆ ಕ್ಲೆಮ್ ಗುದ್ದಲಿಯಿಂದ ಮಣ್ಣೆಳೆದು ಮುಚ್ಚಿದ. ಬೆರಿಲ್ ಕೊಕ್ಕೆಯಿಂದ ಗಾಡಿಯ ಅಡಿಯಲ್ಲಿ ಉಳಿದಿದ್ದ ಹುಲ್ಲನ್ನೆಲ್ಲ ಕಿತ್ತು, ಪಂಪಿನ ಕೊನೆಯ ನೀರನ್ನೂ ಹೊಡೆದಳು. ಪೈಪಿನ ಪಕ್ಕದ ಒಂದು ವಯರಿನ ಸಿಪ್ಪೆ ಕರಗಿತ್ತು. ಕ್ಲೆಮ್ ಅದಕ್ಕೆ ಟೇಪು ಸುತ್ತಿದ. ಮತ್ತೇನೂ ಆಗಿರಲಿಲ್ಲ.

ಅವನ ಗಾಡಿಯ ನೆರಳಿನಲ್ಲಿ ಕೂತರು. ಬೆರಿಲ್ ಅವನ ಕ್ಯಾನಿನಿಂದ ನೀರು ಕುಡಿದಳು, ಟೋಪಿಯಲ್ಲಿ ನಾಯಿಗೂ ಕೊಟ್ಟಳು. ಅವಳ ಬುಟ್ಟಿಯಲ್ಲಿ ಉಪ್ಪು ಮಾಂಸದ ಸ್ಯಾಂಡ್‌ವಿಚ್ ಇತ್ತು, ಮುರಿದು ಅರ್ಧ ಅವನ ಮಡಿಲಿಗೆ ಹಾಕಿದಳು. ಇಬ್ಬರೂ ಅಗಿದರು.

ಕೊನೆಗೆ ಬೆರಿಲ್ ಕೈ ಕೊಡವಿ ಎದ್ದಳು. "ಪ್ಲೇಟು ತಣ್ಣಗಾಗಿರ್ಬೇಕು. ಹುಲ್ಲೆಲ್ಲ ತೆಗ್ದಾಯ್ತಲ್ಲ, ಕೂರ್ಸು. ಕೊಕ್ಕೆ ಕೊಡು, ಆಗಾಗ ನಿಲ್ಸಿ ಎಳ್ಕೋತೀನಿ."

"ಕೊಕ್ಕೆ ಹೋಗೋಕೆ ತೂತೇ ಇಲ್ಲ."

"ಪಕ್ಕದಿಂದ ಹಾಕ್ತೀನಿ. ಏಳು."

"ಆಗಲ್ಲ."

ಅವಳು ತಿರುಗಿ ನೋಡಿದಳು. ಅವನೂ ತಾನು ಹೇಳಿದ್ದೇನು ಎಂದು ಒಂದು ಗಳಿಗೆ ಯೋಚಿಸಿದ ಹಾಗೆ ಕಂಡ.

"ಭುಜಾನಾ? ಸರಿ, ನಾನೇ ಮಲಗ್ತೀನಿ. ನೀನು ಜಾಕ್ ಒತ್ತು."

"ಭುಜ ಅಲ್ಲ. ಆ ಪ್ಲೇಟು ಆ ಗಾಡಿಗೆ ಇವತ್ತು ಹತ್ತಲ್ಲ. ನಾನೂ ಹತ್ಸಲ್ಲ, ನೀನೂ ಹತ್ಸಲ್ಲ. ಬೋಲ್ಟೆಲ್ಲ ನನ್ನ ಜೇಬಲ್ಲಿದೆ."

"ಕೊಡು ಇಲ್ಲಿ."

"ಕೊಡಲ್ಲ."

"ಕ್ಲೆಮ್ ರಡ್!"

"ಕೂಗು. ಇಲ್ಲಿ ಯಾರಿದಾರೆ ಕೇಳೋಕೆ? ಬೆಳಿಗ್ಗೆನೇ ಕೂಗಿಸ್ಕೋಬೇಕಿತ್ತು. ಹುಲ್ಲು ಹತ್ಕೊಳತ್ತೆ ಅಂತ ಗೊತ್ತಿತ್ತು ನಂಗೆ. ವಾದ ಮಾಡೋಕೆ ಸುಸ್ತು ಅಂತ ಬಿಗಿದು ಕಳಿಸ್ಬಿಟ್ಟೆ. ಈಗ್ಲೂ ಸುಸ್ತೇ. ಆದ್ರೂ ಆಗಲ್ಲ."

ಬೆರಿಲ್ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮಸಿ ಹಿಡಿದ ಮುಖದಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು. ಬೈಗುಳದ ಮಳೆಗೆ ಕ್ಲೆಮ್ ತಲೆ ತಗ್ಗಿಸಿ ಸಿದ್ಧನಾದ. ಮಳೆ ಬರಲಿಲ್ಲ. ಅವಳು ಮತ್ತೆ ನೆರಳಿಗೆ ಬಂದು ಕೂತಳು.

"ಆ ಸದ್ದು ನೀನು ಕೇಳಿಲ್ಲ," ಎಂದಳು. "ಚೇಂಬರ್ ಒಡ್ದಿದ್ದು. ಟಣ್ ಅಂತು, ಆಮೇಲೆ ಎಣ್ಣೆ ತೊಟ್ಟಿಕ್ಕೋ ಸದ್ದು. ಅದು ನಿಂತ ಮೇಲೆ ಏನೂ ಇಲ್ಲ. ಸಂಜೆ ಆಯ್ತು, ಬೆಳಗಾಯ್ತು, ಏನೂ ಇಲ್ಲ. ನಾಯಿ ನೀರು ಕುಡೀತು ಅಂದ್ನಲ್ಲ, ಸುಳ್ಳು. ನಾನೇ ಕುಡ್ದೆ. ಅದಕ್ಕೆ ಕೊಡ್ಲಿಲ್ಲ, ಸುಮಾರು ಹೊತ್ತು. ಅದು ನನ್ನೇ ನೋಡ್ತಿತ್ತು." ಪಿಕಲ್‌ನ ಹರಿದ ಕಿವಿಯನ್ನು ಬೆರಳಲ್ಲಿ ಸವರಿದಳು. "ಪ್ಲೇಟಿಲ್ದೆ ಈ ಹುಲ್ಲೊಳಗೆ ಒಂದು ಮಾರು ಹೋಗೋಕೂ ನನ್ನ ಕೈಲಾಗಲ್ಲ. ಪ್ರತಿ ಪೊದೆನೂ ಹುತ್ತ ಅನ್ಸತ್ತೆ."

ಕ್ಲೆಮ್ ಮುಂದಿದ್ದ ಹುಲ್ಲಿನ ಕಡೆ ನೋಡಿದ, ಫಾರಂನವರೆಗೂ ಅದೇ ಹುಲ್ಲು. ಹಿಂದೆ ತಿರುಗಿದರೆ ಬಂದ ಗೆರೆಯೇನೋ ಇದೆ, ಊರಿಗೆ ಹೋಗಬಹುದು. ಆದರೆ ಅತ್ತ ಬೋರ್‌ವೆಲ್ ನೋಡುವವರಿಲ್ಲ, ಒಂದು ಪಂಪು ನಿಂತರೆ ದನ ತೊಟ್ಟಿಯ ಸುತ್ತಲೇ ಸಾಯುತ್ತವೆ. ಹಿಂದೆ ಹೋಗೋಣ ಎಂದರೆ ಅವಳು ಒಪ್ಪುವವಳಲ್ಲ. ಅದನ್ನು ಕೇಳುವ ಗೋಜಿಗೂ ಅವನು ಹೋಗಲಿಲ್ಲ.

"ನಾನು ಮುಂದೆ ಹೋಗ್ತೀನಿ," ಎಂದ. "ನಿಧಾನಕ್ಕೆ. ಹುತ್ತ ಇದ್ರೆ ನಂಗೆ ಮೊದ್ಲು ಸಿಗತ್ತೆ. ನೀನು ನನ್ನ ಚಕ್ರದ ಗೆರೆ ಮೇಲೇ ಬಾ, ಒಂದಿಂಚೂ ಆಚೀಚೆ ಹೋಗ್ಬೇಡ. ಆಗಾಗ ನಿಲ್ಸಿ ಎರಡೂ ಗಾಡಿ ಹುಲ್ಲು ಎಳೀತೀನಿ."

"ನಿನ್ನ ಚೇಂಬರ್ ಒಡೆದ್ರೆ?"

"ಒಡೆದ್ರೆ ನಿನ್ನ ಗಾಡಿಲಿ ಕೂತ್ಕೋತೀನಿ. ನಾಯಿ ಹಿಂದೆ ಕೂರ್ಲಿ."

"ನೀನು ಹಿಂದೆ ಕೂರು. ನಾಯಿ ಯಾವಾಗ್ಲೂ ಮುಂದೆ." ಅವಳು ಅವನ ಎಡಗೈಯನ್ನು ನೋಡಿದಳು, ಅದು ಮಡಿಲಿನಲ್ಲಿ ಯಾರದೋ ಕೈಯ ಹಾಗೆ ಬಿದ್ದಿತ್ತು. "ಹುಲ್ಲು ನಾನೆಳೀತೀನಿ. ನೀನು ಇಳೀಬೇಡ, ಇಳಿದ್ರೆ ಹತ್ಸೋರ್ಯಾರು? ಸರಿ, ಆ ಪ್ಲೇಟಿನ ಕಥೆ?"

"ತಗೊಂಡ್ಹೋಗಿ ಕಿಟಕಿ ಕೊರೀತೀನಿ."

"ಯಾವಾಗ ಕೊಡ್ತೀಯ?"

"ಕೊರ್ದಾಗ."

"ನಿನ್ನ ಬುದ್ಧಿ ನಂಗೊತ್ತಿಲ್ವಾ? ಅದ್ರ ಮೇಲೆ ಸಾಸೇಜ್ ಹುರ್ಕೊಂಡು ಕೂತಿರ್ತೀಯ."

"ಒಳ್ಳೆ ದಪ್ಪ ಕಬ್ಬಿಣ. ಹುರೀಬಹುದು."

ಪ್ಲೇಟನ್ನು ಇಬ್ಬರೂ ಸೇರಿ ಅವನ ಗಾಡಿಯ ಹಿಂದಕ್ಕೆ ಎತ್ತಿ ಹಾಕಿದರು, ಅವಳು ಎರಡು ಪಾಲು, ಅವನು ಒಂದು ಪಾಲು. ರೇಡಿಯೋದಲ್ಲಿ ನಗೆಟ್‌ನನ್ನು ಕೂಗಿದರೆ ಹರಕುಮುರುಕಾಗಿ ಕೇಳಿತು. ಬದ್ಕಿದೀವಿ, ಫಾರಂಗೆ ಹೋಗ್ತಿದೀವಿ ಎಂದಷ್ಟೇ ಹೇಳಿದ. "ಶೆಡ್ಡಲ್ಲಿ ಬಿಸ್ಕತ್ತು ಎಲ್ಲಿಟ್ಟಿದೀಯ?" ಎಂದು ನಗೆಟ್ ಕೇಳಿದ.

ಕ್ಲೆಮ್ ಗಾಡಿಯನ್ನು ಹುಲ್ಲಿನೊಳಕ್ಕೆ ಇಳಿಸಿದ. ನಡೆಯುವ ಮನುಷ್ಯನ ವೇಗ. ಬಂಪರಿನ ಮುಂದೆ ಹುಲ್ಲು ಬಾಗಿ ಮಲಗುತ್ತಿತ್ತು, ಅದರೊಳಗೆ ಕೆಂಪು ತಲೆ ಕಂಡಾಗಲೆಲ್ಲ ಬಲಕ್ಕೋ ಎಡಕ್ಕೋ ಸುತ್ತುತ್ತಿದ್ದ. ಒಂದೇ ಕೈಯಲ್ಲಿ ಸ್ಟೇರಿಂಗ್. ಹಿಂದೆ ಪ್ಲೇಟು ಪ್ರತಿ ಕುಲುಕಿಗೂ ಢಣ್ ಎನ್ನುತ್ತಿತ್ತು. ಕನ್ನಡಿಯಲ್ಲಿ ಬಿಳಿ ಪಿಕಪ್ಪು, ಗಾಜಿನ ಹಿಂದೆ ಎರಡು ತಲೆ, ಒಂದು ಅವಳದು, ಒಂದು ನಾಯಿಯದು. ಅವಳ ಎರಡು ಕೈಯೂ ಸ್ಟೇರಿಂಗನ್ನು ಹಗ್ಗ ಹಿಡಿದ ಹಾಗೆ ಹಿಡಿದಿದ್ದವು. ಅವನ ಗೆರೆ ಬಿಟ್ಟು ಒಂದಿಂಚೂ ಕದಲಲಿಲ್ಲ.

ರೇಡಿಯೋ ಗರಗರ ಎಂದಿತು. ನಗೆಟ್ ಇರಬೇಕೆಂದು ಅವನು ಕೈ ಹಾಕಲಿಲ್ಲ.

"ಕ್ಲೆಮ್," ಎಂದಿತು ಬೆರಿಲ್‌ಳ ದನಿ. "ಇದಕ್ಕಿಂತ ನಿಧಾನ ಮಾಡಿದ್ರೆ ನಿನ್ನೆಗೆ ಹೋಗಿ ಮುಟ್ತೀವಿ."

ಕೈಗೆ ಸಿಕ್ಕಿದ ಬಟ್ಟೆಯಿಂದ ಮುಖ ಒರೆಸಿಕೊಂಡು, ರೇಡಿಯೋದ ಮೈಕನ್ನು ನಿಧಾನವಾಗಿ ಎತ್ತಿಕೊಂಡ.

"ಬಾಯಿ ಮುಚ್ಕೊಂಡು ಬಾ," ಎಂದ. "ಬಲಕ್ಕೆ ಹುತ್ತ ಇದೆ."

ಕನ್ನಡಿಯಲ್ಲಿ ಬಿಳಿ ಪಿಕಪ್ಪು ಹುತ್ತವನ್ನು ಬಳಸಿ ಬಂತು.

"ಕಾಣಿಸ್ತು," ಎಂದಳು.